ಮುಂದಿನ ನಡೆಗೆ ಮುಂಚೆ ಒಂದು ನಿಮಿಷ

ಮೊಮ್ಮಗಳು ನನ್ನನ್ನು ಗೆಲ್ಲಿಸಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸೋತ ದಿನಗಳಲ್ಲಿ ಚೆನ್ನಾಗಿಯೇ ಬರುತ್ತಿತ್ತು!

ವಿಷಯ ಇಷ್ಟೇ. ನಾನಿರುವುದು ಚೆನ್ನೈನ ಮಾಂಬಲದಲ್ಲಿ, ಮಗಳ ಸಂಸಾರ ಪುಣೆಯಲ್ಲಿ. ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹನ್ನೊಂದು ವರ್ಷದ ಮೊಮ್ಮಗಳಿಗೂ ನನಗೂ ಚೆಸ್. ಟ್ಯಾಬ್ಲೆಟ್ಟಿನಲ್ಲಿ ಆಟ, ಫೋನಿನಲ್ಲಿ ಮಾತು. ಮನೆಯಿಂದ ಹೊರಗೆ ಅವಳು ಕನ್ನಡ ಆಡುವ ಸಂದರ್ಭವೇ ಕಡಿಮೆ. ಹಾಗಾಗಿ ಆ ಒಂದು ಗಂಟೆ ನನಗೆ ಬರೀ ಆಟವಲ್ಲ.

ಅವತ್ತು ಗೆದ್ದೆ. ಖುಷಿಯಲ್ಲಿ ಕಂಪ್ಯೂಟರ್ ವಿಶ್ಲೇಷಣೆಯ ಗುಂಡಿ ಒತ್ತಿ ನೋಡಿದರೆ, ಒಂದೇ ನಡೆಯಲ್ಲಿ ನನ್ನ ರಾಜನನ್ನು ಮುಗಿಸಬಹುದಾಗಿದ್ದ ಕಡೆ ಅವಳು ಮೂಲೆಯ ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿದ್ದಾಳೆ. ಅಂಥದ್ದು ಅವಳ ಕಣ್ಣಿಗೆ ಬೀಳದೇ ಇರುವುದಿಲ್ಲ. ಸಂಜೆ ಮಗಳನ್ನು ಕೇಳಿದೆ. ಅವಳು ನಗುತ್ತಾ, "ತಾತ ಪಾಪ, ಯಾವಾಗ್ಲೂ ಸೋಲ್ತಾರೆ ಅಂದ್ಲು ಅಪ್ಪಾ" ಅಂದಳು.

ಪಾಪ! ಆ ಒಂದು ಶಬ್ದ ಚುಚ್ಚಿತು ನೋಡಿ. ಮಕ್ಕಳು ಪಾಪ ಅಂದುಕೊಂಡು ಎಷ್ಟು ಭಾನುವಾರ ಆಡಿಯಾರು? ಇನ್ನೊಂದು ವರ್ಷಕ್ಕೆ ಬೇಸರ ಬಂದೀತು. ಆಟ ನಿಂತರೆ ಮಾತೂ ನಿಂತೀತು. ಈ ವಯಸ್ಸಿನಲ್ಲಿ ಚೆಸ್ ಕಲಿಯಬೇಕು ಅಂತ ತೀರ್ಮಾನಿಸಿದ್ದು ಆ ರಾತ್ರಿ.

ಹಾಗೆಂದು ನಾನು ಹೊಸಬನೇನಲ್ಲ. ನಂಜನಗೂಡಿನ ನಮ್ಮ ಮನೆ ಜಗಲಿಯ ಮೇಲೆ ಅಪ್ಪನಿಂದ ಚದುರಂಗ ಕಲಿತವನು. 1982ರಲ್ಲಿ ಮದರಾಸಿಗೆ ಬಂದು ಪ್ಯಾರಿಸ್ ಕಾರ್ನರ್ ಹತ್ತಿರ ಲೆಕ್ಕಪತ್ರದ ಕೆಲಸಕ್ಕೆ ಸೇರಿದಾಗ ಊಟದ ಬಿಡುವಿನಲ್ಲಿ ಅಲ್ಲೂ ಆಟ ನಡೆಯುತ್ತಿತ್ತು. ಮೊದಲ ದಿನವೇ ಜಗಳ. ನಾನು "ಮಂತ್ರಿ" ಅಂದರೆ ಎದುರಿಗಿದ್ದ ತಮಿಳು ಗೆಳೆಯ ಬೇರೆ ಕಾಯಿಯನ್ನು ನೋಡುತ್ತಾನೆ. ನಮ್ಮ ಮಂತ್ರಿ ಅವರಿಗೆ ರಾಣಿ. ಅವರ ಮಂತ್ರಿ ನಮ್ಮ ಒಂಟೆ! ಕುದುರೆ, ಆನೆ ಮಾತ್ರ ಎರಡು ಭಾಷೆಯಲ್ಲೂ ಸ್ವಸ್ಥಾನದಲ್ಲೇ ಇದ್ದವು.

ಅಷ್ಟು ವರ್ಷ ಆಡಿದರೂ ನಾನು ಬೆಳೆಯಲಿಲ್ಲ. ಯಾಕೆಂದರೆ ಆಡಿದೆನೇ ಹೊರತು ಕಲಿಯಲಿಲ್ಲ. ಎರಡೂ ಒಂದೇ ಅಂದುಕೊಂಡಿದ್ದೆ.

ಈಗ ಕಲಿಯಲು ಹೊರಟಾಗ ಎಲ್ಲರೂ ಹೇಳಿದ್ದು ಒಂದೇ: ಯೂಟ್ಯೂಬ್ ನೋಡಿ. ನೋಡಿದೆ. ಎರಡು ತಿಂಗಳು ದಿನಕ್ಕೆ ನಾಲ್ಕು ನಾಲ್ಕು ವಿಡಿಯೋ. ದೊಡ್ಡ ಆಟಗಾರರ ಆಟ ತೋರಿಸಿ ವಿವರಿಸುವವರು ಎಷ್ಟೊಂದು ಜನ! ಎಲ್ಲಾ ಅರ್ಥವಾಗುತ್ತಿತ್ತು. ತಲೆ ಆಡಿಸುತ್ತಿದ್ದೆ. ರೇಟಿಂಗ್ ಮಾತ್ರ ಒಂಬೈನೂರರ ಆಸುಪಾಸಿನಲ್ಲೇ ಗೂಟ ಹೊಡೆದುಕೊಂಡು ಕೂತಿತ್ತು. ಅಡುಗೆ ಕಾರ್ಯಕ್ರಮ ನೋಡಿದರೆ ಹೊಟ್ಟೆ ತುಂಬೀತೇ?

ಹಾಗಾದರೆ ಹಿಂದಿನವರು ಹೇಗೆ ಕಲಿತರು? ಲೆಕ್ಕದವನ ಬುದ್ಧಿ, ಹಳೇ ಕಡತ ತೆಗೆಯಲು ಕೂತೆ. ಸಿಕ್ಕಿದ್ದನ್ನು ನಿಮಗೂ ಹೇಳುತ್ತೇನೆ.

ಚದುರಂಗ ಹುಟ್ಟಿದ್ದು ನಮ್ಮಲ್ಲಿ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಅದರ ವಿವರಣೆ ಇದೆ. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಕುದುರೆಯೊಂದು ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಬಂಧಗಳನ್ನು ರಚಿಸಿದವರು. ಆದರೆ ಆಟದ ನಡೆಗಳನ್ನು ಒಂದೊಂದಾಗಿ ಬರೆದಿಟ್ಟು ಅದರಿಂದ ಪಾಠ ಹೇಳುವ ಪದ್ಧತಿ ಬೆಳೆದದ್ದು ಯುರೋಪಿನಲ್ಲಿ.

1850ರ ಸುಮಾರಿಗೆ ಕಲ್ಕತ್ತೆಯಲ್ಲಿ ಮೊಹೇಶಚಂದ್ರ ಬ್ಯಾನರ್ಜಿ ಎಂಬುವರಿದ್ದರು. ಅಲ್ಲಿದ್ದ ಜಾನ್ ಕಾಕ್ರನ್ ಎಂಬ ಸ್ಕಾಟ್ಲೆಂಡಿನ ವಕೀಲ ಇವರೊಡನೆ ನೂರಾರು ಆಟ ಆಡಿ ಬರೆದಿಟ್ಟ. ಇವತ್ತು ಜಗತ್ತೆಲ್ಲ ಆಡುವ "ಕಿಂಗ್ಸ್ ಇಂಡಿಯನ್" ಮುಂತಾದ ಹೆಸರುಗಳಲ್ಲಿರುವ ಆ "ಇಂಡಿಯನ್" ಬಂದದ್ದು ಅಂಥ ಆಟಗಳಿಂದ. ಬ್ಯಾನರ್ಜಿಯವರ ನಡೆಗಳು ಉಳಿದವು. ಯಾಕೆ ಹಾಗೆ ನಡೆಸಿದರು ಎಂಬುದು ಮಾತ್ರ ಅವರ ಬಾಯಿಂದ ನಮಗೆ ಸಿಕ್ಕಿಲ್ಲ.

ಈ "ಯಾಕೆ" ಎನ್ನುವುದೇ ಇಡೀ ಕಥೆ.

ಇಟಲಿಯ ಗ್ರೆಕೋ 1620ರ ದಶಕದಲ್ಲಿ ಚಿಕ್ಕ ಚಿಕ್ಕ ಆಟಗಳನ್ನು ಬರೆದು ಸಿರಿವಂತರಿಗೆ ಕೊಡುತ್ತಿದ್ದ. ಚಮತ್ಕಾರದ ಬಲೆಗಳು, ಆದರೆ ಹೆಚ್ಚಾಗಿ ಬರೀ ನಡೆಗಳು. ಆಮೇಲೆ ಬಂದವನು ಫ್ರಾನ್ಸಿನ ಫಿಲಿಡೋರ್. ವೃತ್ತಿಯಿಂದ ಸಂಗೀತ ರಚನಕಾರ. 1749ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅವನು ನಡೆಯ ಜೊತೆಗೆ ಕಾರಣವನ್ನೂ ಬರೆದ. ನಾವು ತೃಣವಾಗಿ ಕಾಣುವ ಕಾಲಾಳುಗಳೇ ಆಟದ ಜೀವ ಎಂದು ತೋರಿಸಿಕೊಟ್ಟ. ಅಮೆರಿಕದ ಅರ್ವಿಂಗ್ ಚೆರ್ನೆವ್ 1957ರಲ್ಲಿ ಅದನ್ನು ಕೊನೆಮುಟ್ಟಿಸಿದ: 33 ಆಟಗಳು, ಒಂದೊಂದು ನಡೆಗೂ ವಿವರಣೆ. ಮೊದಲ ನಡೆಗೂ! ಓದುವವನಿಗೆ ಇದು ಗೊತ್ತಿದ್ದೀತು ಎಂದು ಯಾವುದನ್ನೂ ಬಿಡಲಿಲ್ಲ.

ಇನ್ನು ಪರದೆಯ ಮೇಲಿನ ಪಾಠ. ಇದು ಯೂಟ್ಯೂಬಿನಿಂದ ಶುರುವಾಯಿತು ಅಂದುಕೊಂಡಿದ್ದೆ, ತಪ್ಪು. 1972ರಲ್ಲಿ ಐಸ್‌ಲ್ಯಾಂಡಿನಲ್ಲಿ ಫಿಷರ್ ಮತ್ತು ಸ್ಪಾಸ್ಕಿ ಆಡುತ್ತಿದ್ದಾಗ ಅಮೆರಿಕದ ಸಾರ್ವಜನಿಕ ಟೀವಿಯಲ್ಲಿ ಶೆಲ್ಬಿ ಲೈಮನ್ ಎಂಬ ಮೇಷ್ಟರು ಗೋಡೆಗೆ ಹಲಗೆ ತೂಗುಹಾಕಿಕೊಂಡು ಗಂಟೆಗಟ್ಟಲೆ ಮಾತಾಡಿದರು. ನಡೆಗಳು ಬರುವುದು ತಡವಾಗುತ್ತಿತ್ತು. ಆ ಹೊತ್ತಿನಲ್ಲಿ ಅವರು ಮಾಡುತ್ತಿದ್ದುದೇನು? ಮುಂದಿನ ನಡೆ ಏನಿರಬಹುದು ಎಂದು ಊಹಿಸುವುದು, ಅತಿಥಿಗಳನ್ನು ಕೇಳುವುದು, ತಾವೇ ತಪ್ಪುವುದು. ನೋಡುವವರೂ ಮನೆಯಲ್ಲಿ ಕೂತು ಜೊತೆಗೆ ಊಹಿಸಿದರು. 1976ರಿಂದ 1982ರವರೆಗೆ ಬಿಬಿಸಿಯಲ್ಲಿ "ದಿ ಮಾಸ್ಟರ್ ಗೇಮ್" ಬಂತು. ಅದರಲ್ಲಿ ಆಟಗಾರರು, ಆಟ ಮುಗಿದ ಮೇಲೆ, ಆಗ ತಮ್ಮ ತಲೆಯಲ್ಲಿ ಓಡಿದ್ದನ್ನೆಲ್ಲ ಈಗಲೇ ಓಡುತ್ತಿದೆಯೇನೋ ಎಂಬಂತೆ ಹೇಳಿ ಮುದ್ರಿಸುತ್ತಿದ್ದರು.

ಆದರೆ ನನ್ನ ಮನಸ್ಸಿಗೆ ಹತ್ತಿರವಾದ ಕಥೆ ಮನಿಲಾದ್ದು. 1970ರ ದಶಕದ ಕೊನೆ. ನಮ್ಮ ವಿಶ್ವನಾಥನ್ ಆನಂದ್ (ಚೆನ್ನೈನಲ್ಲಿ ಇಷ್ಟು ವರ್ಷ ಇದ್ದ ಮೇಲೆ "ನಮ್ಮ" ಅನ್ನುವ ಹಕ್ಕು ನನಗೂ ಬಂದಿದೆ!) ಆಗ ಪುಟ್ಟ ಹುಡುಗ. ತಂದೆಗೆ ಫಿಲಿಪ್ಪೀನ್ಸ್‌ನಲ್ಲಿ ಕೆಲಸ. ಅಲ್ಲಿ ಮಧ್ಯಾಹ್ನದ ಹೊತ್ತು ಟೀವಿಯಲ್ಲಿ ಚೆಸ್ ಕಾರ್ಯಕ್ರಮ, ಕೊನೆಯಲ್ಲಿ ಒಂದು ಸಮಸ್ಯೆ, ಬಿಡಿಸಿ ಕಳಿಸಿದವರಿಗೆ ಬಹುಮಾನ. ಹುಡುಗ ಆ ಹೊತ್ತಿಗೆ ಶಾಲೆಯಲ್ಲಿ. ಅವರಮ್ಮ ಸುಶೀಲಾ ಕೂತು ಆಟಗಳನ್ನೂ ಸಮಸ್ಯೆಯನ್ನೂ ಬರೆದಿಡುತ್ತಿದ್ದರು. ಸಂಜೆ ಇಬ್ಬರೂ ಸೇರಿ ಬಿಡಿಸುತ್ತಿದ್ದರು. ಬಹುಮಾನದ ಪುಸ್ತಕಗಳನ್ನು ಎಷ್ಟು ಗೆದ್ದರೆಂದರೆ, ಕೊನೆಗೆ ಕಾರ್ಯಕ್ರಮದವರು ಹುಡುಗನನ್ನು ಕರೆಸಿ, ಬೇಕಾದಷ್ಟು ಪುಸ್ತಕ ತೆಗೆದುಕೋ, ಇನ್ನು ಉತ್ತರ ಕಳಿಸಬೇಡ ಅಂದರಂತೆ. ಆನಂದ್ ಇದನ್ನು ಹಲವು ಸಲ ಹೇಳಿಕೊಂಡಿದ್ದಾರೆ.

ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ತಾಯಿಗೆ ಟೀವಿಯನ್ನು ನಿಲ್ಲಿಸುವ, ಹಿಂದಕ್ಕೆ ಓಡಿಸುವ ಅನುಕೂಲ ಇರಲಿಲ್ಲ. ಆದ್ದರಿಂದ ಬರೆದುಕೊಂಡರು. ಹುಡುಗನಿಗೆ ಉತ್ತರ ಮೊದಲೇ ಸಿಗುತ್ತಿರಲಿಲ್ಲ. ಆದ್ದರಿಂದ ಯೋಚಿಸಿದ. ನನ್ನ ಕೈಯಲ್ಲಿ ನಿಲ್ಲಿಸುವ ಗುಂಡಿ ಇದೆ, ಎರಡು ತಿಂಗಳಲ್ಲಿ ಒಂದು ಸಲವಾದರೂ ಒತ್ತಿದ್ದೆನೇ? ಲೈಮನ್ ಮೇಷ್ಟರ ಕಾಲದಲ್ಲಿ ತಡವಾಗುವುದೇ ಪಾಠವಾಗಿತ್ತು. ನಮಗೆ ತಡವೇ ಇಲ್ಲ, ಪಾಠವೂ ಇಲ್ಲ.

ಆನಂದ್ ಆಮೇಲೆ ನಮ್ಮ ಮದರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದ ತಾಲ್ ಚೆಸ್ ಕ್ಲಬ್ಬಿನಲ್ಲಿ ಬೆಳೆದರು. 1972ರಲ್ಲಿ ಶುರುವಾದ ಆ ಕ್ಲಬ್ಬಿನ ಹಿಂದೆ ಇದ್ದವರು 1961ರಲ್ಲಿ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದ ಮ್ಯಾನುಯೆಲ್ ಆರನ್. 1988ರಲ್ಲಿ ಆನಂದ್ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್. 2022ರಲ್ಲಿ ಮಾಮಲ್ಲಪುರದಲ್ಲಿ ಒಲಿಂಪಿಯಾಡ್ ನಡೆದಾಗ ಇಲ್ಲಿಯ ನೇಪಿಯರ್ ಸೇತುವೆಗೇ ಕಪ್ಪು ಬಿಳಿ ಚೌಕ ಬಳಿದಿದ್ದರು. 2024ರಲ್ಲಿ ಇದೇ ಊರಿನ ಗುಕೇಶ್ ಹದಿನೆಂಟನೇ ವಯಸ್ಸಿಗೆ ವಿಶ್ವ ಚಾಂಪಿಯನ್. ಇಂಥ ಊರಿನಲ್ಲಿ ನಾಲ್ಕು ದಶಕ ಇದ್ದು ನಾನು ಕಲಿತದ್ದು ಸೋಲುವುದನ್ನು!

ಇರಲಿ. ಕಂಪ್ಯೂಟರಿನ ಕಾಲಕ್ಕೆ ಬರೋಣ. ಅಂತರ್ಜಾಲದಲ್ಲಿ ಎದುರಾಳಿ ಸಿಗುವ ವ್ಯವಸ್ಥೆ 1992ರಲ್ಲೇ ಇತ್ತು. 2005ರಲ್ಲಿ ಯೂಟ್ಯೂಬ್, 2007ರಲ್ಲಿ ಚೆಸ್ ಡಾಟ್ ಕಾಮ್, 2010ರಲ್ಲಿ ಪೂರ್ತಿ ಉಚಿತವಾದ ಲಿಚೆಸ್. 2020ರಲ್ಲಿ ಎಲ್ಲರೂ ಮನೆಯೊಳಗೆ ಕೂತಾಗ ಇವಕ್ಕೆಲ್ಲ ಜಾತ್ರೆಯ ಜನ.

ಆ ಮೇಷ್ಟರುಗಳಲ್ಲಿ ನಾನು ಹಿಡಿದುಕೊಂಡಿದ್ದು ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಡೇನಿಯಲ್ ನರೋಡಿಟ್ಸ್ಕಿಯನ್ನು. ಕಡಿಮೆ ರೇಟಿಂಗಿನ ಹೊಸ ಖಾತೆಯಿಂದ ಶುರುಮಾಡಿ, ನನ್ನಂಥವರ ಎದುರು ಆಡುತ್ತಾ, ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗುವುದು ಅವರ ಕ್ರಮ. ಆಡುತ್ತಲೇ ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತಾರೆ, ಮುಗಿದ ಮೇಲೆ ಮತ್ತೆ ಮೊದಲಿನಿಂದ ಬಿಡಿಸಿ ತೋರಿಸುತ್ತಾರೆ. ಎದುರಾಳಿ ಎಂಥ ದಡ್ಡ ನಡೆ ನಡೆಸಿದರೂ ನಗುವುದಿಲ್ಲ. ಅವನು ಯಾಕೆ ಹಾಗೆ ಯೋಚಿಸಿದ ಎಂದು ಹುಡುಕುತ್ತಾರೆ. 2025ರ ಅಕ್ಟೋಬರಿನಲ್ಲಿ ಆ ಹುಡುಗ ತೀರಿಕೊಂಡ ಸುದ್ದಿ ಬಂತು. 29 ವರ್ಷ. ನೋಡಿಲ್ಲದ, ಮಾತಾಡಿಲ್ಲದ ಒಬ್ಬನಿಗಾಗಿ ಅಷ್ಟು ಸಂಕಟ ಆಗುತ್ತದೆಂದು ನನಗೆ ಗೊತ್ತಿರಲಿಲ್ಲ. ನನ್ನ ಮಗಳಿಗಿಂತ ಚಿಕ್ಕವನು, ನನ್ನ ಗುರು. ಬ್ಯಾನರ್ಜಿಯವರ ನಡೆ ಮಾತ್ರ ಉಳಿಯಿತು. ಇವನದು ದನಿಯೂ ಉಳಿದಿದೆ. ಇವತ್ತಿಗೂ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತರೆ ತಾಳ್ಮೆಯಿಂದ ಹೇಳಿಕೊಡುತ್ತಾನೆ.

ಈಗ ನನ್ನ ಕ್ರಮ ಹೀಗಿದೆ. ವಾರಕ್ಕೆ ಎರಡೇ ಆಟ. ಎದುರಿಗೆ ಮರದ ಹಲಗೆ, ಕೈಯಲ್ಲಿ ರೂಲ್ ಹಾಕಿದ ನೋಟ್ ಪುಸ್ತಕ. ನಡೆಯೊಂದು ಬರುವ ಮುಂಚೆ ವಿಡಿಯೋ ನಿಲ್ಲಿಸಿ, ಒಂದು ನಿಮಿಷ ಯೋಚಿಸಿ, ನಾನಾದರೆ ಏನು ಮಾಡುತ್ತಿದ್ದೆ, ಯಾಕೆ ಎಂದು ಬರೆದುಕೊಂಡು, ಆಮೇಲೆ ಮುಂದೆ ಬಿಡುವುದು. ಸೋತ ಆಟವನ್ನು ಕಂಪ್ಯೂಟರಿಗೆ ಕೊಡುವ ಮೊದಲು ನಾನೇ ಒಮ್ಮೆ ತಪ್ಪು ಹುಡುಕುವುದು. ಕಂಪ್ಯೂಟರ್ ಯಾವುದು ಸರಿ ಎಂದು ಹೇಳುತ್ತದೆ. ನಾನು ಯಾಕೆ ತಪ್ಪಿದೆ ಎಂಬುದು ಅದಕ್ಕೆ ಗೊತ್ತಿಲ್ಲ.

ಮೊದಲು ಹಿಡಿದದ್ದು ಮಾರ್ಫಿಯ ಪ್ರಸಿದ್ಧ ಆಟ. 1858, ಪ್ಯಾರಿಸ್ಸಿನ ಒಪೆರಾ ಮಂದಿರ, ಎದುರಿಗೆ ಒಟ್ಟಾಗಿ ಆಡುತ್ತಿದ್ದ ಇಬ್ಬರು ಶ್ರೀಮಂತರು. ಹದಿನೇಳೇ ನಡೆಯಲ್ಲಿ ಮುಗಿದ ಆಟ. ಮಂತ್ರಿಯನ್ನೇ ಬಲಿಕೊಡುವ ಹದಿನಾರನೇ ನಡೆಯನ್ನು ಎಲ್ಲರೂ ಕೊಂಡಾಡುತ್ತಾರೆ. ಅದನ್ನು ನಾನೂ ಹತ್ತು ಸಲ ನೋಡಿ ಚಪ್ಪಾಳೆ ಹೊಡೆದಿದ್ದೆ. ನಿಲ್ಲಿಸಿ ನಿಲ್ಲಿಸಿ ನೋಡಿದಾಗ ಕಂಡದ್ದು ಬೇರೆ. ಆಟ ಮುಗಿದಾಗ ಸೋತವರ ಒಂದು ಆನೆ, ಒಂದು ಒಂಟೆ, ಕೊನೆಗೆ ರಾಜ ಕೂಡ ಹುಟ್ಟಿದ ಮನೆಯಿಂದ ಕದಲಿಯೇ ಇಲ್ಲ. ಮಾರ್ಫಿಯ ಕಾಯಿಗಳೋ, ಕೊನೆಯ ಆನೆಯವರೆಗೆ ಎಲ್ಲವೂ ಕೆಲಸಕ್ಕೆ ಬಂದಿವೆ. ನನ್ನ ನೋಟ್ ಪುಸ್ತಕ ತೆಗೆದು ನಾನು ಸೋತ ಹತ್ತು ಆಟ ನೋಡಿದೆ. ಏಳರಲ್ಲಿ ನನ್ನ ಒಂದಾದರೂ ಆನೆ ಮೂಲೆಯಲ್ಲೇ ಕೂತಿತ್ತು! ಲೆಕ್ಕಪತ್ರದಲ್ಲಿ ಇದಕ್ಕೆ ಸತ್ತ ದಾಸ್ತಾನು ಅಂತೀವಿ.

ಆರು ತಿಂಗಳಾಯಿತು. ರೇಟಿಂಗ್ ಸಾವಿರದ ನೂರು ದಾಟಿದೆ. ದೊಡ್ಡ ಸಾಧನೆಯಲ್ಲ, ಗೊತ್ತು. ಮೊನ್ನೆ ಭಾನುವಾರವೂ ಸೋತೆ. ಆದರೆ ಐವತ್ತು ನಡೆ ಆಯಿತು, ಅವಳು ಎರಡು ಸಲ "ಒಂದ್ನಿಮಿಷ ತಾತಾ" ಅಂದಳು. ಮುಗಿದ ಮೇಲೆ ಫೋನ್ ಇಡಲಿಲ್ಲ. "ತಾತಾ, ಆ ಆನೇನ ಮಧ್ಯಕ್ಕೆ ಯಾಕೆ ತಂದ್ರಿ?" ಎಂದು ಕೇಳಿದಳು.

ಯಾಕೆ ಎಂದು ಕೇಳಿದಳು! ಅರ್ಧ ಗಂಟೆ ಹೇಳಿದೆ. ಆನೆ, ಒಂಟೆ, ಕಾಲಾಳು, ತೆರೆದ ಸಾಲು, ಎಲ್ಲಾ ಕನ್ನಡದಲ್ಲೇ. ನಡುವೆ ಅವಳು "ಒಂಟೆ ಅಂದ್ರೆ ಬಿಷಪ್ ಅಲ್ವಾ?" ಎಂದು ಒಮ್ಮೆ ಕೇಳಿದಳು, ಮತ್ತೆ ಕೇಳಲಿಲ್ಲ. ಈಗ ಅವಳೂ ಒಂಟೆ ಅಂತಲೇ ಅನ್ನುತ್ತಾಳೆ.

ಅಂದ ಹಾಗೆ, ನಿಮ್ಮ ಕಡೆ ಆ ಕಾಯಿಗೆ ಏನಂತಾರೆ? ಮುಂಬೈ, ಹೈದರಾಬಾದಿನಲ್ಲಿ ಮಕ್ಕಳು, ಮೊಮ್ಮಕ್ಕಳ ಜೊತೆ ಆಡುವವರು ಇದ್ದರೆ ಹೇಳಿ. ಆದರೆ ಒಂದು ಮಾತು, ಅವರು ಬೇಕೆಂದೇ ಸೋತರೆ ಖುಷಿಪಡಬೇಡಿ. ಒಂದು ನೋಟ್ ಪುಸ್ತಕ ಕೊಂಡುಕೊಳ್ಳಿ.