ಎಡೆದೊರೆ ನಾಡಿನ ಗುಳೆಯೂ ಕಾಯಕದ ಕುಶಲತೆಯೂ

ಕೃಷ್ಣೆ ತುಂಗಭದ್ರೆಗಳ ನಡುವಣ ನಾಡನ್ನು ಪ್ರಾಚೀನ ಶಾಸನಗಳು ಎಡೆದೊರೆಯೆಂದು ಕರೆದಿರುವವು. ಎರಡು ಮಹಾನದಿಗಳು ಇಕ್ಕೆಲದಲ್ಲಿ ಹರಿಯುತ್ತಿದ್ದರೂ ಈ ನಾಡಿನ ಒಕ್ಕಲು ಮಕ್ಕಳು ಅನ್ನವನ್ನರಸಿ ಊರು ಬಿಡುವರು. ಇದಕ್ಕೆ ನಮ್ಮ ಜನರು ಗುಳೆ ಹೋಗುವದೆನ್ನುವರು. ಶ್ರೀಮಠದ ಈ ಮಹೋತ್ಸವದ ಸಂದರ್ಭದಲ್ಲಿ ಗುಳೆಯ ಪೂರ್ವಾಪರವನ್ನು ಸದ್ಭಕ್ತರ ಮುಂದಿಡುವದು ಅಪ್ರಸ್ತುತವಾಗಲಾರದೆಂದು ನಂಬಿರುವೆನು.

ದುಡಿಮೆಗಾಗಿ ದೇಶಾಂತರ ಹೋಗುವದು ನಿನ್ನೆ ಮೊನ್ನೆಯದಲ್ಲ. ಲಿಂಗಸೂಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ತೆರಳಿದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳನ್ನು ಅರಿಯದವರಾರು? ನುಲಿಯ ಚಂದಯ್ಯನಿಗೆ ಹಗ್ಗ ಹೊಸೆಯುವ ಕೈಚಳಕವಿದ್ದಿತು; ಮೇದಾರ ಕೇತಯ್ಯನಿಗೆ ಬಿದಿರಿನ ಕೆಲಸ ತಿಳಿದಿದ್ದಿತು. ಮಾರಯ್ಯನ ಪಾಲಿಗೆ ಬಂದುದೋ ನೆಲಕ್ಕೆ ಉದುರಿದ ಅಕ್ಕಿಯನ್ನು ಆಯುವ ಕಾಯಕವು. ಪೇಟೆಯ ಲೆಕ್ಕದಲ್ಲಿ ಇದಕ್ಕಿಂತ ಅಗ್ಗದ ಕೆಲಸವಿಲ್ಲ. ಆದರೂ ಶರಣರ ಗೋಷ್ಠಿಯಲ್ಲಿ ಆತನ ಆಸನವು ಕೆಳಗಾಗಲಿಲ್ಲ. ಹೆಚ್ಚಾಗಿ ತಂದ ಅಕ್ಕಿಯನ್ನು ಲಕ್ಕಮ್ಮನು ಹಿಂದಿರುಗಿಸಿದ ಕಥೆಯನ್ನು ಕೇಳಿ ನಾವು ತಲೆದೂಗುವೆವು. ಅವರು ನಮ್ಮ ನಾಡಿನಿಂದಲೇ ಹೋದ ದುಡಿಮೆಗಾರರೆಂಬುದನ್ನು ಮಾತ್ರ ಮರೆತುಬಿಡುವೆವು.

ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಮಿಕ್ಕ ಉದ್ದದ ಒಂದು ಹಾಸುಗಲ್ಲಿರುವದು. 1294ರಲ್ಲಿ ಗೋರೆ ಗನ್ನಯ್ಯರೆಡ್ಡಿಯ ದಳಪತಿ ವಿಠಲನಾಥನು ಕೋಟೆಯನ್ನು ಕಟ್ಟಿಸಿದನೆಂದು ಅದರ ಶಾಸನವು ಹೇಳುವದು. ಅಂಥ ಕಲ್ಲನ್ನು ಬಂಡಿಯ ಮೇಲಿರಿಸಿ ಕೋಣಗಳ ಸಾಲು ಎಳೆಯುವ, ಆಳುಗಳು ಗಾಲಿಗಳಿಗೆ ಸನ್ನೆಕೋಲು ಹಾಕುವ ಚಿತ್ರವನ್ನೂ ಅಲ್ಲಿ ಕೊರೆದಿರುವರು. ಕಟ್ಟಿಸಿದವನ ಹೆಸರು ಉಳಿದಿದೆ. ಕಲ್ಲನ್ನು ಬಿರುಕಿಲ್ಲದೆ ಎಬ್ಬಿಸಿದವನ ಹೆಸರಿಲ್ಲ. ಆದರೆ ಆ ಚಿತ್ರವನ್ನು ಕೆತ್ತಿದವನು ಆಳುಗಳನ್ನು ಬಿಡಲಿಲ್ಲವಲ್ಲ, ಅಷ್ಟೇ ಸಮಾಧಾನ.

1871ರಲ್ಲಿ ಮುಂಬಯಿಯ ಕಡೆಯ ಹಾಗೂ ಮದರಾಸಿನ ಕಡೆಯ ರೈಲು ಹಾದಿಗಳು ರಾಯಚೂರಿನಲ್ಲಿ ಕೂಡಿದವು. ಐದೇ ವರ್ಷಗಳಲ್ಲಿ, 1876ರಿಂದ 78ರವರೆಗೆ, ಮಹಾಕ್ಷಾಮವು ಈ ಸೀಮೆಯನ್ನು ಹಾಳುಗೆಡವಿತು. ಕೆಲಸವನ್ನರಸುವವನಿಗೆ ದೂರದ ಊರಿನ ದಾರಿ ತೆರೆದದ್ದು ಹೀಗೆ. ಆದರೂ ಇಂದಿನ ಗುಳೆಯ ಮೂಲವು ಬರಗಾಲವೊಂದೇ ಅಲ್ಲ. ನೀರು ಬಂದ ರೀತಿಯಲ್ಲಿಯೂ ಅದು ಅಡಗಿರುವದು.

ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಸ್ತಿಭಾರವಾಯಿತು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಎಡದಂಡೆಯ ಕಾಲುವೆಯು ಸಿಂಧನೂರು, ಮಾನ್ವಿಗಳನ್ನು ಹಾಯ್ದು ರಾಯಚೂರಿನತ್ತ ಬರುವದು. ಅಲ್ಪ ನೀರಿನ ಬೆಳೆಗಳನ್ನು ಹೆಚ್ಚು ಹೊಲಗಳಿಗೆ ಒದಗಿಸುವದು ಮೂಲ ಯೋಜನೆಯ ಉದ್ದೇಶವಾಗಿದ್ದಿತು. ಮೇಲಿನವರು ಭತ್ತ ಹಚ್ಚಿದರು, ಕೊನೆಯ ಭಾಗದ ಮಾನ್ವಿ ರಾಯಚೂರುಗಳ ಹೊಲಗಳಿಗೆ ನೀರು ಸಾಲದಾಯಿತು. ನಮ್ಮ ರೈತನಿಗೆ ಬಿಳಿಜೋಳ, ಹತ್ತಿಗಳ ವಿದ್ಯೆ ಗೊತ್ತು. ಕೆಸರುಗದ್ದೆಯ ವಿದ್ಯೆ ಗೊತ್ತಿರಲಿಲ್ಲ, ಭೂಮಿಯನ್ನು ಸಮಮಾಡಿಸುವ ಬಂಡವಾಳವೂ ಇರಲಿಲ್ಲ. ಕರಾವಳಿ ಆಂಧ್ರದ ಒಕ್ಕಲಿಗರು ಇವೆರಡನ್ನೂ ಹೊತ್ತು ಬಂದು, ಭೂಮಿಯನ್ನು ಕೊಂಡು, ಕ್ಯಾಂಪುಗಳನ್ನು ಕಟ್ಟಿದರು. ಅವರನ್ನು ದೂಷಿಸುವದು ನ್ಯಾಯವಲ್ಲ; ಅವರೂ ವಲಸೆಯವರೇ. ಕೌಶಲವನ್ನೂ ಹಣವನ್ನೂ ತಂದವನು ಒಡೆಯನಾದನು, ಹೊಲ ಮಾರಿದವನು ಅದೇ ಹೊಲದಲ್ಲಿ ನಾಟಿಯ ಕೂಲಿಯಾದನು. ಕೃಷ್ಣೆಯ ದಡದಲ್ಲಿರುವ ದೇವದುರ್ಗಕ್ಕೆ ನಾರಾಯಣಪುರದ ಬಲದಂಡೆಯ ನೀರು ಬರುವದಂತೂ ಇನ್ನೂ ತಡವಾಯಿತು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ದೇವದುರ್ಗ, ಮಾನ್ವಿಗಳನ್ನು ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಸಾಲಿಗೆ ಸೇರಿಸಿತು.

ದೇವದುರ್ಗದ ಒಕ್ಕಲಿಗನು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದಾಗ ಅವನನ್ನು ಕುಶಲವಿಲ್ಲದ ಕೂಲಿಯೆಂದು ಬರೆದುಕೊಳ್ಳುವರು. ಈ ಮಾತು ವಿಚಾರಾರ್ಹವಾದುದು. ಎರೆಭೂಮಿಯ ಹದವನ್ನು ಹೆಜ್ಜೆಯಿಟ್ಟು ಅರಿಯುವದು, ಕೂರಿಗೆಯಲ್ಲಿ ಬೀಜವನ್ನು ಸಮವಾಗಿ ಬಿಡುವದು ಕೌಶಲವಲ್ಲದೆ ಮತ್ತೇನು? ಅದು ಮಣ್ಣಿಗೆ ಅಂಟಿಕೊಂಡ ಕೌಶಲ. ಊರು ಬಿಟ್ಟೊಡನೆ ಬೆಲೆಯಿಲ್ಲ. ಗೌಂಡಿಯ ಕರಣೆಯಾದರೋ ಯಾವ ಊರಿನಲ್ಲಿಯೂ ಅನ್ನ ಕೊಡುವದು. ಹಾಗಿದ್ದ ಮೇಲೆ ಹತ್ತು ವರ್ಷ ಗಾರೆ ಹೊತ್ತವನು ತಾನೇ ಗೌಂಡಿಯಾಗಬೇಕಲ್ಲವೇ? ಎಷ್ಟೋ ಮಂದಿ ಆಗುವದಿಲ್ಲ. ಸುಗ್ಗಿ ಮುಗಿದ ಮೇಲೆ ಹೋಗಿ ಮುಂಗಾರಿಗೆ ಮರಳುವವನ ಕಲಿಕೆಯು ಪ್ರತಿ ವರ್ಷವೂ ಅರ್ಧಕ್ಕೆ ಕಡಿಯುವದು. ಮೇಸ್ತ್ರಿಯ ಮುಂಗಡವನ್ನು ತೀರಿಸಬೇಕಾದವನು ಕಲಿಯುವ ಕೆಲಸವನ್ನು ಆರಿಸಲಾರನು, ಇಂದು ಕೂಲಿ ಸಿಗುವ ಕೆಲಸವನ್ನೇ ಹಿಡಿಯುವನು. ಗಂಡನೊಡನೆ ಬಂದ ಹೆಂಡತಿಯು ತಲೆಯ ಮೇಲೆ ಬುಟ್ಟಿ ಹೊರುವಳು. ಅವಳ ಕೈಗೆ ಕರಣೆಯನ್ನು ಕೊಡುವವರು ಅಪರೂಪ. ಲಕ್ಕಮ್ಮನನ್ನು ಕೊಂಡಾಡುವ ನಾವು ಇದನ್ನು ಕಂಡೂ ಸುಮ್ಮನಿರುವದು ವಿಚಿತ್ರವೇ ಸರಿ.

ಕಾನೂನಿನ ಆಸರೆಯೂ ಪೂರ್ಣವಾಗಿರಲಿಲ್ಲ. ಗುತ್ತಿಗೆದಾರರ ಮೂಲಕ ಹೋಗುವ ವಲಸೆ ಕಾರ್ಮಿಕರಿಗಾಗಿ 1979ರಲ್ಲಾದ ಕೇಂದ್ರದ ಕಾಯಿದೆಯು ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಅನ್ವಯಿಸುತ್ತಿದ್ದಿತು. ರಾಯಚೂರಿಗೆ ಬೆಂಗಳೂರಿಗಿಂತ ಹೈದರಾಬಾದು ಬಹಳ ಹತ್ತಿರ. ಹತ್ತಿರದ ಹೈದರಾಬಾದಿಗೆ ಹೋದವನು ಆ ಕಾಯಿದೆಯ ಒಳಗೆ, ದೂರದ ಬೆಂಗಳೂರಿಗೆ ಹೋದವನು ಹೊರಗೆ! 2006ರಲ್ಲಿ ಉದ್ಯೋಗ ಖಾತರಿ ಯೋಜನೆಯು ಮೊದಲ ಹಂತದಲ್ಲಿಯೇ ರಾಯಚೂರು ಜಿಲ್ಲೆಗೆ ಬಂದು ಕೆಲಕಾಲ ಊರಿನಲ್ಲಿಯೇ ಕೂಲಿ ಒದಗಿಸಿತು. ಆದರೆ ಮಣ್ಣು ಅಗೆಯುವ ಕೆಲಸದಿಂದ ಹೊಸ ವಿದ್ಯೆಯೇನೂ ಕೈಗೆ ಬರಲಿಲ್ಲ.

ಇವೆಲ್ಲಕ್ಕಿಂತ ಹೆಚ್ಚಿನ ನಷ್ಟವು ಮಕ್ಕಳದು. ಶಾಲೆಯ ವರ್ಷದ ನಟ್ಟನಡುವೆ ತಂದೆತಾಯಿಗಳು ಗಂಟುಮೂಟೆ ಕಟ್ಟುವರು. ಕೂಸು ಹಿಂದೆಯೇ ಹೋಗಿ, ಕಟ್ಟಡದ ಮರಳಗುಡ್ಡೆಯ ಮಗ್ಗುಲಲ್ಲಿ ಬೆಳೆಯುವದು. ಅಕ್ಷರ ತಪ್ಪಿದ ಮಗು ಮುಂದೆ ಅಳತೆಪಟ್ಟಿಯನ್ನು ಓದಲಾರದು, ನಕಾಶೆಯನ್ನು ತಿಳಿಯಲಾರದು. ತಂದೆಯ ಬುಟ್ಟಿಯೇ ಅದರ ಆಸ್ತಿ. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಬಡ ಮಕ್ಕಳು ಸಾವಿರಾರು. ದೊಡ್ಡ ಊರುಗಳಲ್ಲಿ ಮೇಲಿನ ತರಗತಿಗಳಿಗೆ ಅಂಥ ಅನುಕೂಲತೆಗಳು ಬೆಳೆದಿರುವವು. ಗಬ್ಬೂರು, ಜಾಲಹಳ್ಳಿ, ಪೋತ್ನಾಳಗಳಂಥ ಊರುಗಳಲ್ಲಿ ಸುಗ್ಗಿಯಿಂದ ಮುಂಗಾರಿನವರೆಗೆ ಆರು ತಿಂಗಳ ಮಟ್ಟಿಗೆ ಎಳೆಯ ಮಕ್ಕಳಿಗೆ ಅನ್ನವನ್ನೂ ನೆರಳನ್ನೂ ಕೊಡುವ ದಾಸೋಹವೊಂದು ನಡೆದರೆ, ತಾಯಿಯು ಕೂಸನ್ನು ಬಿಟ್ಟುಹೋಗಲು ಒಪ್ಪುವಳೋ ಇಲ್ಲವೋ ಎಂಬುದನ್ನು ಗುಳೆ ಹೊರಡುವ ಮನೆಗಳಿಗೆ ಹೋಗಿಯೇ ಕೇಳಬೇಕು. ಅವು ಹೊರಡುವದು ಸುಗ್ಗಿ ಮುಗಿದೊಡನೆ.