ರಾಜ್ಯದ ಗಡಿಯವರೆಗೂ ಕ್ಯಾಂಪಸ್

ಅಮೆರಿಕದ ವಿಸ್ಕಾನ್ಸಿನ್ ಪ್ರಾಂತ 1848ರಲ್ಲಿ ರಾಜ್ಯವಾಯಿತು. ಅದೇ ವರ್ಷ ಅದರ ವಿಶ್ವವಿದ್ಯಾಲಯವೂ ಹುಟ್ಟಿತು. ಮರುವರ್ಷ ಮ್ಯಾಡಿಸನ್ ಪಟ್ಟಣದಲ್ಲಿ ಎರವಲು ಕಟ್ಟಡವೊಂದರೊಳಗೆ 17 ವಿದ್ಯಾರ್ಥಿಗಳಿಗೆ ಮೊದಲ ಪಾಠ ನಡೆಯಿತು. ಮೆಂಡೋಟಾ ಸರೋವರದ ದಂಡೆಯ ಕ್ಯಾಂಪಸ್ಸಿನ ನೆಲ ಹೋ-ಚಂಕ್ ಜನರದು. 1832ರ ಒಪ್ಪಂದದಲ್ಲಿ ಅವರಿಂದ ಕಸಿದದ್ದು. ಅದನ್ನು ಒಪ್ಪಿಕೊಳ್ಳುವ ಫಲಕವನ್ನು ಕ್ಯಾಂಪಸ್ಸಿನಲ್ಲಿ ಇಟ್ಟದ್ದು 2019ರಲ್ಲಿ. ಬಹಳ ತಡವಾಯಿತು.

1862ರಲ್ಲಿ ಲಿಂಕನ್ ಸಹಿ ಹಾಕಿದ ಮೊರಿಲ್ ಕಾಯ್ದೆ, ಕೃಷಿ ಮತ್ತು ಎಂಜಿನಿಯರಿಂಗ್ ಕಲಿಸುವ ಕಾಲೇಜುಗಳಿಗಾಗಿ ರಾಜ್ಯಗಳಿಗೆ ಭೂಮಿ ಕೊಟ್ಟಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಆ ಲ್ಯಾಂಡ್-ಗ್ರಾಂಟ್ ಸಾಲಿಗೆ ಸೇರಿತು. ಪಾಠ, ಸಂಶೋಧನೆ, ರೈತರಿಗೆ ವಿಸ್ತರಣೆ, ಈ ಮೂರೂ ಒಂದೇ ಸೂರಿನಡಿ ಇರಬೇಕೆಂಬ ಈ ಪದ್ಧತಿಯ ಮಾದರಿಯಲ್ಲೇ 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವೂ ಶುರುವಾಯಿತು.

ಮ್ಯಾಡಿಸನ್ನಿನ ನಿಜವಾದ ಹೆಗ್ಗಳಿಕೆ ಹಾಲಿನಿಂದ ಬಂದದ್ದು. 1890ರಲ್ಲಿ ಅಲ್ಲಿನ ವಿಜ್ಞಾನಿ ಸ್ಟೀಫನ್ ಬ್ಯಾಬ್‌ಕಾಕ್ ಹಾಲಿನ ಕೊಬ್ಬಿನಂಶ ಅಳೆಯುವ ಸುಲಭ ಪರೀಕ್ಷೆ ಕಂಡುಹಿಡಿದರು. ಹಾಲಿಗೆ ಸಲ್ಫ್ಯೂರಿಕ್ ಆಮ್ಲ ಬೆರೆಸಿ, ಸೀಸೆಯನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಕೊಬ್ಬು ಮೇಲೇರುತ್ತದೆ, ಗೆರೆ ನೋಡಿ ಓದಿದರಾಯಿತು. ನೀರು ಬೆರೆಸಿದವನಿಗೂ ಗಟ್ಟಿ ಹಾಲು ತಂದವನಿಗೂ ಒಂದೇ ದರ ಸಿಗುತ್ತಿದ್ದ ಅನ್ಯಾಯ ಅಲ್ಲಿಗೆ ನಿಂತಿತು. ಬ್ಯಾಬ್‌ಕಾಕ್ ಪೇಟೆಂಟ್ ಪಡೆಯಲಿಲ್ಲ, ಎಲ್ಲರಿಗೂ ಬಿಟ್ಟುಕೊಟ್ಟರು.

ಅಲ್ಲಿನ ಮತ್ತೊಬ್ಬ ವಿಜ್ಞಾನಿ ಹ್ಯಾರಿ ಸ್ಟೀನ್‌ಬಾಕ್ ಬೇರೆ ದಾರಿ ಹಿಡಿದರು. ಆಹಾರದ ಮೇಲೆ ಅತಿನೇರಳೆ ಕಿರಣ ಹಾಯಿಸಿ ವಿಟಮಿನ್ ಡಿ ಹೆಚ್ಚಿಸುವ ವಿಧಾನ ಅವರದು. ಮಕ್ಕಳ ರಿಕೆಟ್ಸ್ ರೋಗಕ್ಕೆ ಅದು ಮದ್ದಾಯಿತು. ಕಂಪನಿಗೆ ಮಾರದೆ ಅವರು ಪೇಟೆಂಟನ್ನು 1925ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯದ ಸಂಶೋಧನಾ ಪ್ರತಿಷ್ಠಾನಕ್ಕೆ ಒಪ್ಪಿಸಿದರು. ಅದರ ಹಣ ಇಂದಿಗೂ ಅಲ್ಲಿನ ಸಂಶೋಧನೆಯನ್ನು ಪೊರೆಯುತ್ತಿದೆ. ಆದರೆ ಹೈನುಗಾರಿಕೆಯ ಹಿತ ಕಾಯಲು ಪ್ರತಿಷ್ಠಾನವು ಬಡವರು ಬೆಣ್ಣೆಯ ಬದಲು ತಿನ್ನುತ್ತಿದ್ದ ಮಾರ್ಗರಿನ್‌ಗೆ ಪರವಾನಗಿ ಕೊಡಲಿಲ್ಲ. 1940ರ ದಶಕದಲ್ಲಿ ನ್ಯಾಯಾಲಯ ಇದನ್ನು ಖಂಡಿಸಿತು. ಸ್ಟೀನ್‌ಬಾಕ್ ಅವರ ನಿಸ್ವಾರ್ಥದಲ್ಲಿ ನನಗೆ ಸಂದೇಹವಿಲ್ಲ. ಆದರೂ ಬ್ಯಾಬ್‌ಕಾಕ್ ದಾರಿಯೇ ದೊಡ್ಡದು.

ವಿಶ್ವವಿದ್ಯಾಲಯ ಮತ್ತು ರಾಜ್ಯದ ಈ ನಂಟು ರಾಜಕಾರಣಕ್ಕೂ ಚಾಚಿತು. 1903ರಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷರಾದ ಚಾರ್ಲ್ಸ್ ವ್ಯಾನ್ ಹೈಸ್, ಅದರ ಉಪಕಾರ ರಾಜ್ಯದ ಪ್ರತಿ ಮನೆಗೂ ಮುಟ್ಟಬೇಕೆಂದರು. ಅವರ ಸಹಪಾಠಿ ರಾಬರ್ಟ್ ಲಾ ಫಾಲೆಟ್ ಆಗ ರಾಜ್ಯದ ಗವರ್ನರ್. ಪ್ರಾಧ್ಯಾಪಕರು ಮಸೂದೆ ಬರೆಯಲು ಕುಳಿತರು. 1911ರ ಕಾರ್ಮಿಕ ಪರಿಹಾರ ಕಾನೂನು, 1932ರ ನಿರುದ್ಯೋಗ ಪರಿಹಾರ ಆ ಬಳಗದಿಂದ ಬಂದವು. 1935ರಲ್ಲಿ ಇಡೀ ಅಮೆರಿಕಕ್ಕೆ ಸಾಮಾಜಿಕ ಭದ್ರತಾ ಕಾಯ್ದೆ ರೂಪಿಸಿದ ಎಡ್ವಿನ್ ವಿಟ್ಟಿ ಇಲ್ಲಿಯವರೇ.

ಮುಂದೆ ಪ್ರಯೋಗಶಾಲೆಗಳು ಬೆಳೆದವು. ಪಂಜಾಬಿನ ಹರಗೋಬಿಂದ ಖೊರಾನ ಇಲ್ಲಿದ್ದಾಗಲೇ 1968ರ ನೊಬೆಲ್ ಪಡೆದರು. 1998ರಲ್ಲಿ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದ ಆಕರಕೋಶಗಳನ್ನು ಮೊದಲ ಬಾರಿಗೆ ಬೇರ್ಪಡಿಸಿ ಬೆಳೆಸಿದರು. ನಡುವೆ 1970ರಲ್ಲಿ ವಿಯೆಟ್ನಾಂ ಯುದ್ಧ ವಿರೋಧಿಗಳು ಕ್ಯಾಂಪಸ್ಸಿನಲ್ಲಿ ಇಟ್ಟ ಬಾಂಬಿಗೆ ಯುವ ಸಂಶೋಧಕರೊಬ್ಬರು ಬಲಿಯಾದರು.

ಇದೆಲ್ಲಕ್ಕೂ ಹಿಂದೆ, 1894ರಲ್ಲಿ, ಇಲ್ಲಿನ ಅರ್ಥಶಾಸ್ತ್ರಜ್ಞ ರಿಚರ್ಡ್ ಈಲಿ ಅವರ ಮೇಲೆ ಅವರ ವಿಚಾರಗಳಿಗಾಗಿ ಆರೋಪ ಬಂದಾಗ, ಆಡಳಿತ ಮಂಡಳಿ ವಿಚಾರ ಸ್ವಾತಂತ್ರ್ಯದ ಪರ ನಿಂತಿತ್ತು. ಆದರೆ 2015ರ ರಾಜ್ಯ ಬಜೆಟ್ ಮಸೂದೆ, ಸತ್ಯಶೋಧನೆಯ ಮಾತನ್ನೇ ವಿಶ್ವವಿದ್ಯಾಲಯದ ಧ್ಯೇಯದಿಂದ ಕಿತ್ತುಹಾಕಲು ಹೊರಟಿತು. ಜನ ಸಿಟ್ಟಿಗೆದ್ದರು, ಸರ್ಕಾರ ಹಿಂದೆಗೆಯಿತು. ಆದರೆ ಪ್ರಾಧ್ಯಾಪಕರ ಹುದ್ದೆಗೆ ರಾಜ್ಯದ ಕಾನೂನಿನಲ್ಲಿದ್ದ ಭದ್ರತೆ ಮಾತ್ರ ಅದೇ ವರ್ಷ ಹೋಯಿತು.