ಮಾತು ಯಾರದು, ಯಂತ್ರ ಯಾರದು?

ವಿಜಯಪುರದಿಂದ ಟಿಕೋಟಾಕ್ಕಾಗಲಿ, ಬಬಲೇಶ್ವರಕ್ಕಾಗಲಿ ಹೊರಟ ಬಸ್ಸಿನಲ್ಲಿ ಕುಳಿತರೆ ಕಿವಿಗೆ ಬೀಳುವುದು ನಮ್ಮ ಜಿಲ್ಲೆಯ ಗಟ್ಟಿ ಕನ್ನಡ. ಆ ಮಾತೇ ಟೆಲಿವಿಷನ್ನಿನ ಕಥೆಗಳಲ್ಲಿ ಬಂದಾಗ ಬಹುಮಟ್ಟಿಗೆ ನಗಿಸುವ ಪಾತ್ರಕ್ಕೆ ಮೀಸಲಾಗಿರುತ್ತದೆ. “ಸರ್, ನಮ್ಮ ಮಾತು ಬರೇ ನಗಸಾಕಷ್ಟ ಏನ್ರಿ?” ಎಂದು ತರಗತಿಯಲ್ಲಿ ಹುಡುಗಿಯೊಬ್ಬಳು ಕೇಳಿದಳು. ಕೂಡಲೆ ಉತ್ತರ ಹೇಳಲು ನನ್ನಿಂದಾಗಲಿಲ್ಲ.

ಇಂಥದೇ ಪ್ರಶ್ನೆಯನ್ನು ಅಧ್ಯಯನಕ್ಕೆ ತೆಗೆದುಕೊಂಡ ವಿದ್ವಾಂಸರೊಬ್ಬರು ಅಮೆರಿಕದಲ್ಲಿದ್ದಾರೆ. ಅವರ ಹೆಸರು ಏಮರ್ ಜೀನ್ ಕ್ರಿಶ್ಚಿಯನ್. ದೊಡ್ಡ ಟೆಲಿವಿಷನ್ ಸಂಸ್ಥೆಗಳ ಹೊರಗೆ ನಿಂತು, ಅಂತರಜಾಲದಲ್ಲಿ ಸ್ವತಂತ್ರವಾಗಿ ಕಥಾಸರಣಿಗಳನ್ನು ತಯಾರಿಸುವವರನ್ನು ಕುರಿತು ಅವರು ಸಂಶೋಧನೆ ನಡೆಸಿದರು. ಅಷ್ಟಕ್ಕೇ ನಿಲ್ಲದೆ, 2015ರಲ್ಲಿ ಶಿಕಾಗೊ ನಗರದಲ್ಲಿ ಜೊತೆಗಾರರೊಡನೆ ‘ಓಪನ್ ಟಿವಿ’ ಎಂಬ ವೇದಿಕೆಯನ್ನು ಆರಂಭಿಸಿ, ಕಪ್ಪು ಜನಾಂಗದವರೇ ಮೊದಲಾಗಿ ದೊಡ್ಡ ಸಂಸ್ಥೆಗಳು ಕಡೆಗಣಿಸಿದ್ದ ಕಲಾವಿದರ ಕೃತಿಗಳನ್ನು ತೋರಿಸತೊಡಗಿದರು. ಪಾಲು ಸಿಗದವರಿಗೆ ಪಾಲು ಸಿಗಬೇಕಾದರೆ ಗ್ರಂಥ ಬರೆದರೆ ಸಾಲದು, ಸಾಧನವನ್ನೂ ಕಟ್ಟಬೇಕು ಎಂಬುದು ಅವರ ಕೆಲಸದ ತಾತ್ಪರ್ಯ.

ಇದನ್ನು ಓದಿದಾಗ ನನಗೆ ನೆನಪಾದವರು ನಮ್ಮ ಊರಿನವರೇ ಆದ ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಆಗಿನ ಬಿಜಾಪುರದಲ್ಲಿ ವಕೀಲರಾಗಿದ್ದರು. ಊರೂರು ತಿರುಗಿ ವಚನಗಳ ತಾಳೆಗರಿಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಹಗ್ಗ ಹೊಸೆದ ನುಲಿಯ ಚಂದಯ್ಯ, ಅಕ್ಕಿ ಆಯುವ ಕಾಯಕದ ಆಯ್ದಕ್ಕಿ ಲಕ್ಕಮ್ಮ ಇವರೆಲ್ಲ 12ನೆಯ ಶತಮಾನದಲ್ಲಿಯೇ ನುಡಿದಿದ್ದರು. ಅವರ ನುಡಿಗೆ ಕೊರತೆಯಿರಲಿಲ್ಲ. ಅದನ್ನು ಮನೆಮನೆಗೆ ಮುಟ್ಟಿಸುವ ಸಾಧನದ ಕೊರತೆ ಇದ್ದಿತು. ಹಳಕಟ್ಟಿಯವರು ಇದ್ದ ಮನೆಯನ್ನೇ ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಟಿತು. 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ. 1964ರಲ್ಲಿ ಅವರು ತೀರಿಕೊಂಡರು. ಲಕ್ಕಮ್ಮನ ವಚನ ಇಂದು ಶಾಲೆಯ ಮಕ್ಕಳ ಬಾಯಲ್ಲಿದೆಯೆಂದರೆ, ಅದರ ಹಿಂದೆ ಆ ಮಾರಿದ ಮನೆಯ ಋಣವುಂಟು.

ಮನೆ ಮಾರಿಯಾದರೂ ಅಚ್ಚಿನ ಯಂತ್ರವನ್ನು ಕೊಳ್ಳಬಹುದಾಗಿತ್ತು. ಬಾನುಲಿಯ ಅಲೆಗಳನ್ನು ಹಾಗೆ ಕೊಳ್ಳುವಂತಿರಲಿಲ್ಲ. ಅವು ಬಹುಕಾಲ ಸರಕಾರದ ಕೈಯಲ್ಲಿಯೇ ಇದ್ದವು. ಆ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪಿತ್ತಿತು. ಸಮುದಾಯ ಬಾನುಲಿ ಕೇಂದ್ರ ನಡೆಸುವ ಅವಕಾಶ 2006ರಲ್ಲಿ ಸೇವಾಸಂಸ್ಥೆಗಳಿಗೂ ದೊರೆಯಿತು. ಈಗಂತೂ ಕೈಗೊಂದು ಮೊಬೈಲು ಬಂದಿದೆ. ಆದರೆ ಅದರಲ್ಲಿ ಯಾರ ಮಾತು ಮುಂದೆ ಬರಬೇಕು, ಯಾರದು ಹಿಂದುಳಿಯಬೇಕು ಎಂದು ನಿರ್ಣಯಿಸುವ ಕೀಲಿಕೈ ಎಲ್ಲೋ ದೂರದ ಕಂಪನಿಗಳ ಬಳಿಯಿದೆ. ಯಂತ್ರ ಕೈಗೆ ಬಂದಿತೇ ಹೊರತು ಯಜಮಾನಿಕೆ ಬರಲಿಲ್ಲ.

ಮರುದಿನ ತರಗತಿಯಲ್ಲಿ ಹಳಕಟ್ಟಿಯವರ ಕಥೆ ಹೇಳಿದೆನು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದರ ನಾವೂ ಏನರ ಶುರು ಮಾಡೂಣ್ರಿ ಸರ್” ಎಂದಳು. ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುವ ತನ್ನ ಅವ್ವನ ಮಾತನ್ನು ಆ ವಾರವೇ ಮೊಬೈಲಿನಲ್ಲಿ ಹಿಡಿದು ತಂದಳು. ತರಗತಿಯಲ್ಲಿ ಎಲ್ಲರೂ ಕೇಳಿದೆವು, ಯಾರೂ ನಗಲಿಲ್ಲ.